ನಾಲ್ಕು ಚುಕ್ಕಿ, ಒಂದು ಸೊನ್ನೆ

ತುಮಕೂರಿನಲ್ಲಿ ಶಿಕ್ಷಕರು, ಡಿಟಿಪಿ ಕೆಲಸದವರು ಮತ್ತು ಕಂಪ್ಯೂಟರ್ ಹೇಳಿಕೊಡುವ ಗೆಳೆಯರ ಮುಂದೆ, ಹೊಸಬರಿಗೆ ಕಂಪ್ಯೂಟರಿನಲ್ಲಿ ವೆಕ್ಟರ್ ಚಿತ್ರ ಕಲಿಸುವುದರ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಬೋರ್ಡ್ ನೋಡಿ. ನಾಲ್ಕು ಚುಕ್ಕಿ ಇಟ್ಟಿದ್ದೇನೆ. ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು. ಇವನ್ನು ಸೇರಿಸಿದರೆ ಏನಾಗುತ್ತದೆ ಹೇಳಿ?

ಮುಂದಿನ ಸಾಲಿನವರು ಸೊನ್ನೆ ಅಂದಿರಿ. ಹಿಂದಿನಿಂದ ಯಾರೋ ಗಾಳಿಪಟ ಅಂದರು. ಇಬ್ಬರು ಹೇಳಿದ್ದೂ ಸರಿ. ಚುಕ್ಕಿ ಅವೇ ನಾಲ್ಕು. ನೇರ ಗೆರೆ ಎಳೆದರೆ ಗಾಳಿಪಟ, ಬಾಗಿಸಿ ಎಳೆದರೆ ಸೊನ್ನೆ. ಚುಕ್ಕಿ ಬಿಟ್ಟು ಹೊರಡುವಾಗ ಗೆರೆ ಯಾವ ಕಡೆ ಮುಖ ಮಾಡಿತ್ತು ಅನ್ನುವುದಷ್ಟೇ ವ್ಯತ್ಯಾಸ. ವೆಕ್ಟರ್ ಚಿತ್ರ ಅಂದರೆ ಇದೇ. ಚುಕ್ಕಿ ಎಲ್ಲಿದೆ, ಗೆರೆ ಯಾವ ಕಡೆ ಹೊರಟಿದೆ, ಒಳಗೆ ಯಾವ ಬಣ್ಣ ತುಂಬಿದೆ. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಶಿರಾ ಗೇಟ್ ಕಡೆ ಒಂದು ಸಣ್ಣ ರೂಮಿನಲ್ಲಿ ಭಾನುವಾರ ಬೆಳಿಗ್ಗೆ ಹೊಸಬರಿಗೆ ವೆಕ್ಟರ್ ಚಿತ್ರ ಬರೆಯುವ ಪ್ರೋಗ್ರಾಮ್ ಆದ ಇಂಕ್‌ಸ್ಕೇಪ್ ಹೇಳಿಕೊಡುತ್ತೇನೆ. ಆರು ಹಳೇ ಕಂಪ್ಯೂಟರ್ ಇವೆ. ಫ್ಲೆಕ್ಸ್ ಅಂಗಡಿ ಹುಡುಗರು ಬರುತ್ತಾರೆ, ಟೈಲರಿಂಗ್ ಮಾಡುವ ಹೆಂಗಸರು ಬರುತ್ತಾರೆ, ಮೇಷ್ಟ್ರುಗಳು ಬರುತ್ತಾರೆ, ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದವರೂ ಬರುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿದ್ದು ಒಂದೇ ಮಾತು. ಹೊಸಬರಿಗೆ ಟೂಲ್ ಕಲಿಸಲು ಹೋಗಬೇಡಿ. ಚುಕ್ಕಿ ಎಲ್ಲಿಡಬೇಕು, ಎಲ್ಲಿ ಇಡಬಾರದು ಅನ್ನುವುದನ್ನು ಕಲಿಸಿ. ಟೂಲ್ ತಾನಾಗೇ ಬರುತ್ತದೆ.

ನಾನು ಕಲಿತದ್ದು ಹೀಗಲ್ಲ. ಮೊದಲ ಸಲ ಒಂದು ಕಂಪ್ಯೂಟರ್ ಸೆಂಟರಿಗೆ ದುಡ್ಡು ಕಟ್ಟಿ ಸೇರಿದ್ದೆ. ಮೂರು ದಿನ ಎಡಗಡೆಯ ಟೂಲ್ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಹೇಳಿದರು. ಆಮೇಲೆ ಮೆನು. ಇದು ಒತ್ತಿದರೆ ಇದಾಗುತ್ತದೆ, ಅದು ಒತ್ತಿದರೆ ಅದಾಗುತ್ತದೆ. ನೋಟ್‌ಬುಕ್ ತುಂಬಿತು. ಮನೆಗೆ ಬಂದು ಒಂದು ಮಾವಿನ ಎಲೆ ಬರೆಯೋಣ ಅಂತ ಕೂತೆ. ರಾತ್ರಿ ಹನ್ನೊಂದಾದರೂ ಆಗಲಿಲ್ಲ. ಎಲೆಗೆ ಎರಡೇ ಚುಕ್ಕಿ ಸಾಕು ಅಂತ ಯಾರೂ ಹೇಳಿರಲಿಲ್ಲ. ತೊಟ್ಟಿನ ಹತ್ತಿರ ಒಂದು, ತುದಿಯಲ್ಲಿ ಒಂದು. ನಾನು ಇಪ್ಪತ್ತೋ ಮೂವತ್ತೋ ಇಟ್ಟಿದ್ದೆ. ಎಲೆ ಹುಳ ತಿಂದ ಹಾಗೆ ಕಾಣುತ್ತಿತ್ತು.

ವೆಕ್ಟರ್ ಯಾಕೆ ಬೇಕು ಅಂತ ಹೊಸಬರು ಕೇಳುತ್ತಾರೆ. ಮೊಬೈಲಲ್ಲೇ ಚಿತ್ರ ಆಗುತ್ತಲ್ಲ ಅನ್ನುತ್ತಾರೆ. ನಾನು ಲೆಕ್ಕ ಮಾಡಿ ತೋರಿಸುತ್ತೇನೆ. ನಿಮ್ಮ ಸಂಘದ ಲಾಂಛನ ಯಾರದೋ ಮೊಬೈಲಿನಿಂದ ಫಾರ್ವರ್ಡ್ ಆಗಿ ಬಂದಿದೆ ಅಂದುಕೊಳ್ಳಿ. ಅದರ ಅಗಲ 200 ಪಿಕ್ಸೆಲ್, ಅಂದರೆ ಚಿತ್ರ ಕಟ್ಟುವ 200 ಸಣ್ಣ ಬಣ್ಣದ ಚೌಕ. ಬ್ಯಾನರ್ ಮೇಲೆ ಅದು ಮೂರು ಅಡಿ ಅಗಲ ಬರಬೇಕು. ಮೂರು ಅಡಿ ಅಂದರೆ 914 ಮಿಲಿಮೀಟರ್. 200ರಿಂದ ಭಾಗಿಸಿ. ಒಂದೊಂದು ಪಿಕ್ಸೆಲ್ ನಾಲ್ಕೂವರೆ ಮಿಲಿಮೀಟರ್ ಆಯಿತು. ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ತೊಗರಿ ಕಾಳು ಜೋಡಿಸಿ ಲಾಂಛನ ಮಾಡಿದರೆ ಅಂಚು ನುಣ್ಣಗೆ ಬರುತ್ತದಾ? ಬರುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ, ಇಂಥ ಹಲ್ಲುಹಲ್ಲು ಲಾಂಛನ ಎಷ್ಟು ಬೇಕಾದರೂ ಸಿಗುತ್ತವೆ.

ವೆಕ್ಟರ್ ಚಿತ್ರದಲ್ಲಿ ಕಾಳು ಇಲ್ಲ, ಲೆಕ್ಕ ಇದೆ. ಎಸ್‌ವಿಜಿ ಅನ್ನುವ ಫೈಲ್ ಇದೆಯಲ್ಲ, ಅದು ಸುಮ್ನೆ ಬರಹ. ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ತರಗತಿಯಲ್ಲಿ ಇದನ್ನು ಮಾಡಿಯೇ ತೋರಿಸುತ್ತೇನೆ. ಒಂದು ವೃತ್ತ ಬರೆದು ಉಳಿಸಿ, ಅದೇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯುತ್ತೇನೆ. ಒಳಗೆ ಒಂದು ಸಾಲು ಇರುತ್ತದೆ. ಇದು ವೃತ್ತ, ಕೇಂದ್ರ ಇಲ್ಲಿ, ತ್ರಿಜ್ಯ ಇಷ್ಟು, ಬಣ್ಣ ಇದು. ತ್ರಿಜ್ಯ 20 ಇದ್ದದ್ದನ್ನು 40 ಮಾಡಿ ಉಳಿಸುತ್ತೇನೆ. ಮತ್ತೆ ಇಂಕ್‌ಸ್ಕೇಪಿನಲ್ಲಿ ತೆರೆದರೆ ವೃತ್ತ ಎರಡರಷ್ಟು ಅಗಲ ಆಗಿರುತ್ತದೆ. ಮೌಸ್ ಮುಟ್ಟಿಲ್ಲ, ಎಳೆದಿಲ್ಲ. ಒಂದು ಅಂಕಿ ಬದಲಾಯಿಸಿದ್ದು ಅಷ್ಟೆ. ಆ ಕ್ಷಣಕ್ಕೆ ರೂಮು ಸುಮ್ಮನಾಗುತ್ತದೆ. ಚಿತ್ರ ದೊಡ್ಡದಾದರೂ ಯಾಕೆ ಒಡೆಯುವುದಿಲ್ಲ ಅಂತ ಆಮೇಲೆ ನಾನು ಹೇಳಬೇಕಾಗಿಲ್ಲ.

ಆ ಫೈಲಿನೊಳಗೆ ಇನ್ನೊಂದು ಪದ ಕಾಣುತ್ತದೆ. ಸೋಡಿಪೋಡಿ. ಇದೇನು ಸಾರ್ ಅಂತ ಮಕ್ಕಳು ಕೇಳುತ್ತಾರೆ. ಇಂಕ್‌ಸ್ಕೇಪ್‌ಗೂ ಮುಂಚೆ ಇದ್ದ ಒಂದು ಪ್ರೋಗ್ರಾಮಿನ ಹೆಸರು ಅದು. ಎಸ್ಟೋನಿಯಾ ದೇಶದ ಮಕ್ಕಳ ಮಾತಿನಲ್ಲಿ ಅದರ ಅರ್ಥ ಕಲಸುಮೇಲೋಗರ. 2003ರಲ್ಲಿ ನಾಲ್ಕು ಜನ ಡೆವಲಪರ್‌ಗಳು ಆ ಪ್ರೋಗ್ರಾಮಿನಿಂದ ಕವಲೊಡೆದು ಇಂಕ್‌ಸ್ಕೇಪ್ ಶುರು ಮಾಡಿದರು. ಎಸ್‌ವಿಜಿ 2001ರಲ್ಲೇ ವೆಬ್‌ಗೆ ಒಂದು ಮುಕ್ತ ಮಾನದಂಡವಾಗಿ ಬಂದಿತ್ತು. ಅದನ್ನೇ ಪೂರ್ತಿ ನಂಬಿ ಕೆಲಸ ಮಾಡಿದರು. ಆವೃತ್ತಿ 1.0 ಬಂದದ್ದು 2020ರ ಮೇ ತಿಂಗಳಲ್ಲಿ. ಹದಿನೇಳು ವರ್ಷ ಹಿಡಿಯಿತು. ಹಳೇ ಮನೆಯ ಹೆಸರನ್ನು ಮಾತ್ರ ಇನ್ನೂ ಬಿಟ್ಟಿಲ್ಲ, ಪ್ರತಿ ಫೈಲಿನಲ್ಲೂ ಇಟ್ಟುಕೊಂಡಿದೆ.

ಕೋರೆಲ್‌ಡ್ರಾ, ಇಲಸ್ಟ್ರೇಟರ್ ಥರದ ದುಡ್ಡಿನ ಪ್ರೋಗ್ರಾಮ್ ಬಿಟ್ಟು ಇದನ್ನೇ ಯಾಕೆ ಹಿಡಿದೆ ಅಂದರೆ, ಕಲಿತವರು ಮನೆಗೆ ಹೋಗಿ ಅದೇ ದಿನ ಹಾಕಿಕೊಳ್ಳಬಹುದು. ದುಡ್ಡಿಲ್ಲ, ಕದ್ದ ಸಿಡಿ ಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಕಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ ಪಾಠದಲ್ಲೇ ಮಕ್ಕಳು ಇದನ್ನು ಕಲಿಯುತ್ತಾರೆ. ನಮ್ಮ ಮಕ್ಕಳಿಗೂ ಅದು ಸಿಗಬೇಕು ಅನ್ನುವುದು ನನ್ನ ಆಸೆ. ಇಲ್ಲಿ ಕೂತಿರುವ ಮೇಷ್ಟ್ರುಗಳು ಇದನ್ನು ಸುಮ್ನೆ ಕೇಳಿಸಿಕೊಂಡು ಬಿಡಬೇಡಿ.

ಮೊದಲ ದಿನ ಏನು ಮಾಡುತ್ತೇನೆ ಹೇಳುತ್ತೇನೆ. ಮೊದಲ ಪಾಠ ಕಂಟ್ರೋಲ್ ಝಡ್. ಚಿತ್ರ ಬರೆಯುವ ಮೊದಲೇ ಅಳಿಸುವುದು ಗೊತ್ತಿರಬೇಕು. ಪರದೆ ಮೇಲೆ ಏನಾದರೂ ಗೀಚಿ ಅಂತ ಬಿಟ್ಟುಬಿಡುತ್ತೇನೆ. ಚೆನ್ನಾಗಿ ಕೆಡಿಸಿ, ಆಮೇಲೆ ಕಂಟ್ರೋಲ್ ಝಡ್ ಒತ್ತುತ್ತಾ ಹೋಗಿ ಅನ್ನುತ್ತೇನೆ. ಕೆಡಿಸಿದ್ದೆಲ್ಲ ಒಂದೊಂದಾಗಿ ಹಿಂದೆ ಹೋಗಿ, ಕೊನೆಗೆ ಬಿಳಿ ಹಾಳೆ ಉಳಿಯುತ್ತದೆ. ಮಗಳು ಬೈತಾಳೆ, ಏನಾದ್ರೂ ಹಾಳಾದ್ರೆ ಅಂತ ಹೆದರಿ ಕೈ ಮಡಚಿ ಕೂತಿದ್ದ ಒಬ್ಬ ಅಮ್ಮ, ಇದನ್ನು ನೋಡಿದ ಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಆಮೇಲೆ ವೃತ್ತ. ಸುಮ್ನೆ ಎಳೆದರೆ ಮೊಟ್ಟೆ ಆಗುತ್ತದೆ, ಕಂಟ್ರೋಲ್ ಹಿಡಿದು ಎಳೆದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಆಗುತ್ತದೆ. ಇಷ್ಟು ಹೇಳಿದರೆ ಸಾಕು, ಮರೆಯುವುದಿಲ್ಲ.

ಮೊದಲ ಚಿತ್ರ ತೆಂಗಿನಕಾಯಿ ಹೋಳು. ನಮ್ಮ ಜಿಲ್ಲೆಯಲ್ಲಿ ತೆಂಗಿನಕಾಯಿ ಒಡೆದು ನೋಡದವರು ಯಾರಿದ್ದಾರೆ? ಮೂರು ವೃತ್ತ. ಹೊರಗೆ ಕಂದು, ಚಿಪ್ಪು. ಒಳಗೆ ಬಿಳಿ, ಕಾಯಿ. ಅದರೊಳಗೆ ಸ್ವಲ್ಪ ಮಬ್ಬು ಬಿಳಿ, ನೀರಿದ್ದ ಜಾಗ. ಇಲ್ಲಿ ಪ್ರತಿ ಸಲವೂ ಒಂದು ತೊಂದರೆ ಬರುತ್ತದೆ. ಕೆಲವರು ಒಳಗಿನದನ್ನು ಮೊದಲು ಬರೆಯುತ್ತಾರೆ. ಆಮೇಲೆ ದೊಡ್ಡದನ್ನು ಬರೆದ ತಕ್ಷಣ ಸಣ್ಣದು ಮಾಯ. ಸಾರ್, ನನ್ನ ಕಾಯಿ ಹೋಯ್ತು ಅಂತಾರೆ. ಹೋಗಿಲ್ಲ, ಕೆಳಗಿದೆ. ಆಮೇಲೆ ಇಟ್ಟ ತಟ್ಟೆ ಮೇಲಿರುತ್ತದೆ, ಅಲ್ವಾ? ಪೇಜ್ ಡೌನ್ ಒತ್ತಿದರೆ ಮೇಲಿನ ತಟ್ಟೆ ಕೆಳಗೆ ಹೋಗುತ್ತದೆ. ಈ ತೊಂದರೆ ಬರಲಿ ಅಂತಲೇ ನಾನು ಯಾವುದನ್ನು ಮೊದಲು ಬರೆಯಬೇಕು ಅಂತ ಹೇಳುವುದಿಲ್ಲ. ಕಾಯಿ ಕಳೆದುಹೋದವರಿಗೇ ಅದು ಜಾಸ್ತಿ ನೆನಪಿರುತ್ತದೆ.

ಎರಡನೇ ವಾರ ಶುರುವಾಗುವುದು ನಿಜವಾದ ಕೆಲಸ. ಚುಕ್ಕಿಯನ್ನು ಇಂಕ್‌ಸ್ಕೇಪಿನಲ್ಲಿ ನೋಡ್ ಅನ್ನುತ್ತಾರೆ. ಮೊದಲು ನಾನೂ ಹಾಗೇ ಹೇಳುತ್ತಿದ್ದೆ. ಇಲ್ಲಿ ನೋಡ್ ಹಾಕಿ ಅಂದರೆ, ಒಬ್ಬ ಅಕ್ಕ ಪರದೆ ಹತ್ತಿರ ಬಗ್ಗಿ, ನೋಡ್ತಾನೇ ಇದೀನಿ ಸಾರ್, ಏನು ಕಾಣಬೇಕು ಅಂದರು. ಅವತ್ತಿನಿಂದ ಚುಕ್ಕಿ. ಚುಕ್ಕಿ ಅಂದ ಕೂಡಲೇ ಆ ಅಕ್ಕನ ಕೈಗೆ ಗೊತ್ತಾಯಿತು. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಮಾಡುವುದೇ ಅದು. ಚುಕ್ಕಿಯಿಂದ ಎರಡೂ ಕಡೆ ಹೊರಡುವ ಹ್ಯಾಂಡಲ್‌ಗೆ ನಮ್ಮಲ್ಲಿ ಕಡ್ಡಿ ಅನ್ನುತ್ತೇವೆ.

ಕಡ್ಡಿಯ ಕೆಲಸ ಹೇಳುವುದಕ್ಕೆ ಬಸ್ ತರುತ್ತೇನೆ. ಬಸ್ ಸ್ಟ್ಯಾಂಡಿನಿಂದ ಹೊರಡುವಾಗ ಬಸ್ಸಿನ ಮೂತಿ ಯಾವ ಕಡೆ ಇದೆಯೋ ಆ ಕಡೆಗೇ ಅದು ಮೊದಲು ಹೋಗಬೇಕು. ಒಮ್ಮೆಗೇ ಪಕ್ಕಕ್ಕೆ ಜಿಗಿಯುವುದಕ್ಕೆ ಆಗುವುದಿಲ್ಲ. ಕಡ್ಡಿ ತೋರಿಸುವುದು ಆ ಮೂತಿ. ಕಡ್ಡಿ ಉದ್ದ ಇದ್ದರೆ ಬಸ್ ಅದೇ ದಿಕ್ಕಿನಲ್ಲಿ ಜಾಸ್ತಿ ದೂರ ಹೋಗಿ ಆಮೇಲೆ ತಿರುಗುತ್ತದೆ. ಗಿಡ್ಡ ಇದ್ದರೆ ಬೇಗ ತಿರುಗುತ್ತದೆ. ಇನ್ನೊಂದು ಸ್ಟ್ಯಾಂಡಿಗೆ ಬಂದು ನಿಲ್ಲುವಾಗಲೂ ಹೀಗೇ. ಎರಡು ಚುಕ್ಕಿ, ಎರಡು ಕಡ್ಡಿ, ನಡುವೆ ಒಂದು ತಿರುವು.

ಈ ಲೆಕ್ಕ ಹುಟ್ಟಿದ್ದು ಕಾರಿನ ಕಾರ್ಖಾನೆಯಲ್ಲಿ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಕಾರಿನ ಮೈಯ ಬಾಗುಗಳನ್ನು ಲೆಕ್ಕದಲ್ಲಿ ಹಿಡಿಯುವ ದಾರಿ ಕಂಡುಕೊಂಡರು. ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. ರೆನೊ ಕಂಪನಿಯಲ್ಲಿ ಪಿಯರ್ ಬೆಜಿಯೆ 1960ರ ದಶಕದಲ್ಲಿ ತಾವಾಗಿಯೇ ಇಂಥದೇ ದಾರಿ ಹಿಡಿದು, ಅದನ್ನು ಪ್ರಕಟಿಸಿದರು. ಹಾಗಾಗಿ ಹೆಸರು ಬೆಜಿಯೆ ಅವರದ್ದಾಯಿತು. ಪರದೆ ಮೇಲೆ ನೋಡುವ ಅಕ್ಷರಗಳ ಅಂಚು, ರೇಡಿಯಂ ಕಟಿಂಗ್ ಅಂಗಡಿಯ ಮಿಷನ್ ಕತ್ತರಿಸುವ ಸ್ಟಿಕ್ಕರ್, ಎಲ್ಲದರ ಹಿಂದೆಯೂ ಇಂಥ ಲೆಕ್ಕವೇ ಇದೆ.

ಈಗ ಬೋರ್ಡಿನ ನಾಲ್ಕು ಚುಕ್ಕಿಗೆ ಬನ್ನಿ. ನಮ್ಮ ತರಗತಿಯಲ್ಲಿ ಮೊದಲು ಕೈಯಾರೆ ಬರೆಯುವುದು ಕನ್ನಡದ ಸೊನ್ನೆ. ಪೆನ್ ಟೂಲ್ ತೆಗೆದುಕೊಂಡು ಮೇಲಿನ ಚುಕ್ಕಿ ಇಡಿ. ಸುಮ್ನೆ ಕ್ಲಿಕ್ ಮಾಡಿ ಬಿಟ್ಟರೆ ಮೂಲೆ ಆಗುತ್ತದೆ. ಒತ್ತಿ, ಬಿಡದೆ, ಬಲಕ್ಕೆ ಎಳೆದರೆ ಕಡ್ಡಿ ಹೊರಬರುತ್ತದೆ. ಬಲಗಡೆ ಚುಕ್ಕಿಯಲ್ಲಿ ಒತ್ತಿ ಕೆಳಕ್ಕೆ ಎಳೆಯಿರಿ. ಕೆಳಗಿನದರಲ್ಲಿ ಎಡಕ್ಕೆ. ಎಡಗಡೆಯದರಲ್ಲಿ ಮೇಲಕ್ಕೆ. ಕೊನೆಗೆ ಮೊದಲ ಚುಕ್ಕಿಗೆ ಬಂದು ಮುಚ್ಚಿ. ಎಷ್ಟು ಉದ್ದ ಎಳೆಯಬೇಕು? ತ್ರಿಜ್ಯದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತ್ರಿಜ್ಯ 100 ಇದ್ದರೆ ಕಡ್ಡಿ 55. ಅಷ್ಟು ಇಟ್ಟರೆ ಸೊನ್ನೆ ಗುಂಡಗೆ ಬಂದು ಕೂರುತ್ತದೆ. ಲೆಕ್ಕ ಹಿಡಿದು ನೋಡಿದರೆ ಅದು ಪೂರ್ತಿ ವೃತ್ತ ಅಲ್ಲ. ಆದರೆ ಹತ್ತು ಅಡಿ ಅಗಲದ ಬೋರ್ಡಿನಲ್ಲೂ ವ್ಯತ್ಯಾಸ ಅರ್ಧ ಮಿಲಿಮೀಟರ್ ಒಳಗೇ ಇರುವ ಹಾಗೆ ಹೊಂದಿಸಬಹುದು. ಯಾರ ಕಣ್ಣಿಗೆ ಕಾಣುತ್ತದೆ?

ಸೊನ್ನೆ ಬಂದರೆ ರ ಬಂತು. ಸೊನ್ನೆಯ ನೆತ್ತಿ ಮೇಲೆ ತಲೆಕಟ್ಟು ಕೂರಿಸಿದರೆ ರ. ಅದರ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ ಠ. ನಮ್ಮ ಅಕ್ಷರಗಳು ಗುಂಡಗಿರುವುದು ಕಲಿಸುವವರಿಗೆ ಸಿಕ್ಕ ವರ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಶುರು ಮಾಡುವವರು ನೇರ ಗೆರೆ ಮೊದಲು ಕಲಿಸಿ, ಬಾಗು ಆಮೇಲೆ ಕಲಿಸುತ್ತಾರೆ. ನಮ್ಮವರು ಒಂದನೇ ಕ್ಲಾಸಿನಲ್ಲಿ ಸ್ಲೇಟ್ ಹಿಡಿದಾಗಿನಿಂದ ಬಾಗನ್ನೇ ಬರೆದವರು. ಕೈಗೆ ಗೊತ್ತಿದೆ. ಆ ಗುಂಡು ಎಲ್ಲಿ ಅತಿ ಮೇಲೆ ಹೋಗುತ್ತದೆ, ಎಲ್ಲಿ ಅತಿ ಎಡಕ್ಕೆ ಹೋಗುತ್ತದೆ ಅಂತ ಕಣ್ಣು ಗುರುತಿಸಬೇಕು. ಅಲ್ಲೇ ಚುಕ್ಕಿ ಇಡಬೇಕು. ಅಕ್ಷರ ವಿನ್ಯಾಸ ಮಾಡುವವರು ಪಾಲಿಸುವ ನಿಯಮವೂ ಇದೇ. ಅತಿ ಮೇಲೆ, ಅತಿ ಕೆಳಗೆ, ಅತಿ ಎಡ, ಅತಿ ಬಲ. ನಡುವೆ ಬೇಡ.

ಇದನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದವರು ಗುಬ್ಬಿ ಕಡೆಯಿಂದ ಬರುತ್ತಿದ್ದ ಒಬ್ಬ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಕೆಲಸ ನಿಂತಿತ್ತು. ಐವತ್ತು ದಾಟಿದ ಮೇಲೆ ಮೌಸ್ ಹಿಡಿದಿದ್ದರು. ಮೊದಲ ವಾರ ಅವರಿಗೆ ಬಹಳ ಕಷ್ಟವಾಯಿತು. ಬ್ರಷ್ ಎಳೆದ ಹಾಗೆ ಮೌಸ್ ಎಳೆಯುತ್ತಿದ್ದರು, ಗೆರೆ ಅಂಕುಡೊಂಕು. ಎರಡನೇ ವಾರ ನಾನು ಸೀಮೆಸುಣ್ಣ ಕೊಟ್ಟು, ನೀವು ಗೋಡೆ ಮೇಲೆ ಹೇಗೆ ಬರೀತಿದ್ರಿ ತೋರಿಸಿ ಅಂದೆ. ಅವರು ಮೊದಲು ದಾರ ಹಿಡಿದು ಮೇಲೊಂದು ಕೆಳಗೊಂದು ಗೆರೆ ಹೊಡೆದರು. ಆಮೇಲೆ ನಾಲ್ಕು ಕಡೆ ಸಣ್ಣ ಗುರುತು ಮಾಡಿದರು. ಒಂದು ನಿಮಿಷ ನೋಡಿದರು. ಆಮೇಲೆ ಒಂದೇ ಉಸಿರಿನಲ್ಲಿ ರ ಬರೆದರು. ಆ ನಾಲ್ಕು ಗುರುತು ಎಲ್ಲಿದ್ದವು ಅಂತೀರಿ? ಅತಿ ಮೇಲೆ, ಅತಿ ಕೆಳಗೆ, ಎಡ, ಬಲ. ಅಣ್ಣಾ, ಅಲ್ಲೇ ಕ್ಲಿಕ್ ಮಾಡಿ ಅಂದೆ. ಅವರು ಪರದೆ ಕಡೆ ತಿರುಗಿ, ಓ, ಇದಾ ಅಂದರು. ಮೂರನೇ ವಾರ ಅವರ ರ ನನ್ನದಕ್ಕಿಂತ ಚೆನ್ನಾಗಿತ್ತು. ಈಗಲೂ ಹಾಗೇ ಇದೆ.

ಕಲಿಸುವವರಿಗೆ ನಾನು ಜಾಸ್ತಿ ಒತ್ತಿ ಹೇಳುವ ಅಭ್ಯಾಸ ಇನ್ನೊಂದಿದೆ. ಅದು ಚುಕ್ಕಿ ತೆಗೆಯುವುದು. ಇಂಕ್‌ಸ್ಕೇಪಿನಲ್ಲಿ ಫೋಟೋವನ್ನು ತಾನಾಗೇ ವೆಕ್ಟರ್ ಮಾಡುವ ಟ್ರೇಸ್ ಅನ್ನುವುದಿದೆ. ಹೊಸಬರು ಅದನ್ನು ಕಂಡ ಕೂಡಲೇ ಎಲ್ಲ ಬಿಟ್ಟು ಅದರ ಹಿಂದೆ ಹೋಗುತ್ತಾರೆ. ಬೇಡ ಅನ್ನುವುದಿಲ್ಲ. ಒಂದು ಲಗ್ನಪತ್ರಿಕೆಯ ಗಣಪತಿಯನ್ನು ಟ್ರೇಸ್ ಮಾಡಿಸುತ್ತೇನೆ. ಆಮೇಲೆ ನೋಡ್ ಟೂಲ್ ಒತ್ತಿ, ಎಲ್ಲ ಆರಿಸಿ, ಕೆಳಗಿನ ಪಟ್ಟಿಯಲ್ಲಿ ಎಷ್ಟು ಚುಕ್ಕಿ ಅಂತ ಓದಿ ಅನ್ನುತ್ತೇನೆ. ಒಂದು ಸಲ ಆರುನೂರು ಚಿಲ್ಲರೆ ಬಂತು. ಒಂದು ಗಣಪತಿಗೆ! ಈಗ ಆಟ. ಒಂದೊಂದೇ ಚುಕ್ಕಿ ಅಳಿಸುತ್ತಾ ಹೋಗಿ. ಗಣಪತಿ ಗಣಪತಿಯಾಗೇ ಇರಬೇಕು. ಯಾರದು ಕಡಿಮೆ ಚುಕ್ಕಿಗೆ ಇಳಿಯುತ್ತದೋ ಅವರು ಗೆದ್ದ ಹಾಗೆ. ಡಿಲೀಟ್ ಒತ್ತಿದಾಗ ಇಂಕ್‌ಸ್ಕೇಪ್ ಪಕ್ಕದ ಕಡ್ಡಿಗಳನ್ನು ಸರಿಸಿ ಆಕಾರ ಉಳಿಸಲು ನೋಡುತ್ತದೆ. ಹಾಗಾಗಿ ಬೇಡದ ಚುಕ್ಕಿ ಹೋದರೆ ಏನೂ ಆಗುವುದಿಲ್ಲ. ಬೇಕಾದ ಚುಕ್ಕಿ ಹೋದರೆ ಸೊಂಡಿಲು ಒಂದು ಕಡೆ ಎಳೆದುಕೊಳ್ಳುತ್ತದೆ. ಆಗ ಕಂಟ್ರೋಲ್ ಝಡ್. ಯಾವ ಚುಕ್ಕಿ ಚಿತ್ರವನ್ನು ಹಿಡಿದಿದೆ, ಯಾವುದು ಸುಮ್ನೆ ಕೂತಿದೆ ಅನ್ನುವುದು ಈ ಆಟದಲ್ಲಿ ಗೊತ್ತಾದ ಹಾಗೆ ಬೇರೆ ಯಾವ ಪಾಠದಲ್ಲೂ ಗೊತ್ತಾಗುವುದಿಲ್ಲ. ಅವತ್ತು ಒಬ್ಬ ಹುಡುಗ ಐವತ್ತರ ಒಳಗೆ ಇಳಿಸಿದ. ಗಣಪತಿ ಮುಂಚಿಗಿಂತ ಲಕ್ಷಣವಾಗಿ ಕಾಣುತ್ತಿತ್ತು.

ರೇಡಿಯಂ ಕಟಿಂಗ್ ಮಾಡುವವರು ಇಲ್ಲಿದ್ದರೆ ನಿಮಗೆ ಇದರ ಬೆಲೆ ಗೊತ್ತು. ಬ್ಲೇಡ್ ಗೆರೆಯ ಮೇಲೇ ಹೋಗುತ್ತದೆ. ಕಂತೆ ಕಂತೆ ಚುಕ್ಕಿ ಇದ್ದ ಕಡೆ ಗೆರೆ ನಡುಗುತ್ತದೆ, ಬ್ಲೇಡ್ ಕೂಡ ನಡುಗುತ್ತದೆ, ಅಂಚು ಹರಕು ಬರುತ್ತದೆ.

ಇನ್ನೊಂದು ಮಾತು, ಇದು ಕಲಿಸುವವರ ಕೈಗೆ ಸಂಬಂಧಿಸಿದ್ದು. ಕಲಿಯುವವರ ಮೌಸ್ ಕಿತ್ತುಕೊಳ್ಳಬೇಡಿ. ಕೊಡಿ ಇಲ್ಲಿ, ನಾನು ಮಾಡಿ ತೋರಿಸ್ತೀನಿ ಅಂತ ಎರಡು ಸೆಕೆಂಡಿನಲ್ಲಿ ಮಾಡಿಬಿಡುವುದು ಸುಲಭ. ಅವರಿಗೆ ಅದರಿಂದ ಏನೂ ಬರುವುದಿಲ್ಲ. ನನ್ನ ಕೈಯಲ್ಲಿ ಆಗಲ್ಲ ಅನ್ನುವುದು ಮಾತ್ರ ಗಟ್ಟಿಯಾಗುತ್ತದೆ. ನಾನು ತರಗತಿಯಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತೇನೆ. ಬೆರಳು ತೋರಿಸಬಹುದು, ಬಾಯಲ್ಲಿ ಹೇಳಬಹುದು, ಕಾಯಬಹುದು. ಮೌಸ್ ಅವರದ್ದೇ.

ಕಾದರೆ ಅವರು ನಮಗೇ ಕಲಿಸುತ್ತಾರೆ. ಒಂದು ಸಲ ನಾನು ಮಾಡಿಟ್ಟಿದ್ದ ಒಂದು ಲಾಂಛನವನ್ನು ಮಾದರಿಗೆ ಕೊಟ್ಟಿದ್ದೆ. ಹೈಸ್ಕೂಲಿನ ಒಬ್ಬ ಹುಡುಗಿ ಮೆನುವಿನಲ್ಲಿ ಏನೇನೋ ಒತ್ತುತ್ತಾ ಔಟ್‌ಲೈನ್ ನೋಟಕ್ಕೆ ಹೋದಳು. ಬಣ್ಣವೆಲ್ಲ ಮಾಯವಾಗಿ ಬರೀ ಗೆರೆ ಉಳಿಯುವ ನೋಟ ಅದು. ಸಾರ್, ಇಲ್ಲಿ ಕೆಳಗೆ ಇನ್ನೊಂದು ತುಂಡು ಇದೆ ಅಂದಳು. ನೋಡಿದರೆ ನಿಜ. ಬಿಳಿ ಬಣ್ಣದ ಒಂದು ತುಂಡು ಇನ್ನೊಂದರ ಹಿಂದೆ ಮರೆತು ಉಳಿದಿತ್ತು. ಹಾಗೇ ಕಟಿಂಗ್ ಮಿಷನ್ನಿಗೆ ಕೊಟ್ಟಿದ್ದರೆ ಅದೂ ಕತ್ತರಿಸಿಕೊಂಡು ಬರುತ್ತಿತ್ತು. ನನಗೆ ತಕ್ಷಣ ನೆನಪಾದದ್ದು ಶಿಲ್ಪಿ ಜಕಣಾಚಾರಿಯ ಊರು ಅನ್ನುವ ನಮ್ಮ ಕೈದಾಳ. ಜಕಣಾಚಾರಿಯ ಕಥೆ ನಿಮಗೆಲ್ಲ ಗೊತ್ತು. ಮಗ ಡಂಕಣ ಅಪ್ಪ ಕೆತ್ತಿದ ವಿಗ್ರಹಕ್ಕೆ ಗಂಧ ಬಳಿದ, ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಒಣಗಲಿಲ್ಲ, ಅಲ್ಲಿ ಕಲ್ಲೊಳಗೆ ಕಪ್ಪೆ ಇತ್ತು. ಈ ಹುಡುಗಿ ಗಂಧ ಬಳಿದಿದ್ದಳು. ಅವತ್ತಿನಿಂದ ನಮ್ಮ ತರಗತಿಯಲ್ಲಿ ಔಟ್‌ಲೈನ್ ನೋಟಕ್ಕೆ ಗಂಧ ಬಳಿಯುವುದು ಅಂತಲೇ ಹೆಸರು. ಯಾವ ಫೈಲನ್ನೂ ಗಂಧ ಬಳಿಯದೆ ಹೊರಗೆ ಕೊಡುವ ಹಾಗಿಲ್ಲ.

ಹೊರಗೆ ಕೊಡುವುದರಲ್ಲಿ ಕನ್ನಡದವರಿಗೆ ಒಂದು ತೊಂದರೆ ಜಾಸ್ತಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇನ್ನೂ ಓಡುತ್ತಿವೆ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಅದಲ್ಲದ ಫಾಂಟಿನಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಗುರುತುಗಳ ಕಿಚಡಿ ಆಗುತ್ತದೆ. ಯೂನಿಕೋಡಿನಲ್ಲಿ ಬರೆದು, ಒತ್ತಕ್ಷರ ಜೋಡಿಸಲು ಬಾರದ ಹಳೇ ಪ್ರೋಗ್ರಾಮಿಗೆ ಕೊಟ್ಟರೆ ಇನ್ನೊಂದು ಕಷ್ಟ. ಸ್ವಾಗತ ಅನ್ನುವುದು ಸ್‌ವಾಗತ ಆಗಿ ನಿಲ್ಲುತ್ತದೆ. ಇಂಕ್‌ಸ್ಕೇಪ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಒತ್ತು, ಅರ್ಕಾವತ್ತು ತಮ್ಮ ಜಾಗದಲ್ಲೇ ಕೂರುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಥರದ ಉಚಿತ ಫಾಂಟುಗಳು ಸಾಕಷ್ಟಿವೆ. ಆದರೂ ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರವನ್ನು ಪಾತ್ ಮಾಡಿ, ಅಂದರೆ ಚುಕ್ಕಿ ಗೆರೆಗಳಾಗಿ ಬದಲಾಯಿಸಿ ಕೊಡಿ. ಆಗ ಅದು ಅಕ್ಷರ ಅಲ್ಲ, ಚಿತ್ರ. ಯಾವ ಫಾಂಟೂ ಬೇಕಾಗುವುದಿಲ್ಲ.

ಪಾತ್ ಮಾಡುವ ಮೊದಲು ಒಂದು ನಕಲು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಪಾತ್ ಆದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ. ಊರ ಜಾತ್ರೆಯ ಬ್ಯಾನರಿನಲ್ಲಿ ಹಾರ್ದಿಕ ಅನ್ನುವುದರ ಅರ್ಕಾವತ್ತು ಬಿಟ್ಟುಹೋಗಿ, ನಕಲು ಇಲ್ಲದೆ, ಒಂದು ರಾತ್ರಿ ಪೂರ್ತಿ ಬ್ಯಾನರನ್ನೇ ಮತ್ತೆ ಮಾಡಿದವನು ನಾನು. ನಿಮಗೆ ಆ ರಾತ್ರಿ ಬರುವುದು ಬೇಡ.

ಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ ಇಂಕಿನಿಂದ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುತ್ತದೆ. ದೊಡ್ಡ ಆರ್ಡರ್ ಇದ್ದರೆ ಒಂದು ತುಂಡು ಪ್ರಿಂಟ್ ತೆಗೆಸಿ ನೋಡಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಬರೆಯುತ್ತೇನೆ.

ಒಬ್ಬ ಕಾಲೇಜು ಹುಡುಗ ಕೇಳಿದ್ದು: ಈಗ ಎಐಗೆ ಹೇಳಿದರೆ ಲಾಂಛನ ಮಾಡಿಕೊಡುತ್ತದೆ, ಇದನ್ನೆಲ್ಲ ಯಾಕೆ ಕಲಿಯಬೇಕು? ಒಳ್ಳೆ ಪ್ರಶ್ನೆ. ನಾನೂ ಬಳಸಿ ನೋಡಿದ್ದೇನೆ. ಸಾಮಾನ್ಯವಾಗಿ ಅದು ಕೊಡುವುದು ಪಿಕ್ಸೆಲ್ ಚಿತ್ರ, ಅಂದರೆ ಮತ್ತೆ ತೊಗರಿ ಕಾಳು. ಕನ್ನಡ ಅಕ್ಷರ ಇದ್ದರೆ ಎಷ್ಟೋ ಸಲ ಒತ್ತು ಎಲ್ಲೋ, ದೀರ್ಘ ಎಲ್ಲೋ ಇರುತ್ತದೆ. ಅದನ್ನು ಬೋರ್ಡಿಗೆ ತರುವ ಮುಂಚೆ ಯಾರೋ ಒಬ್ಬರು ಕೂತು ಚುಕ್ಕಿ ಇಟ್ಟು ಸರಿ ಮಾಡಬೇಕು. ಆ ಒಬ್ಬರು ನೀವಾಗಿ ಅಂದೆ. ಯಂತ್ರ ಬರೆದ ರ ಸರಿ ಇದೆಯಾ ಇಲ್ಲವಾ ಅಂತ ಹೇಳುವುದಕ್ಕೂ ಒಮ್ಮೆಯಾದರೂ ರ ಬರೆದಿರಬೇಕು, ಅಲ್ವಾ?

ಇನ್ನೊಬ್ಬರು ನಿವೃತ್ತ ಟೀಚರ್. ನನ್ನ ಕೈ ನಡುಗುತ್ತಪ್ಪ, ಮೌಸ್ ನಿಲ್ಲಲ್ಲ, ನಾನು ಕಲಿಯಬಹುದಾ ಅಂದರು. ಖಂಡಿತ ಕಲಿಯಬಹುದು. ವೆಕ್ಟರ್ ಚಿತ್ರಕ್ಕೆ ಕೈ ಗಟ್ಟಿ ಇರಬೇಕಾಗಿಲ್ಲ. ಇಂಕ್‌ಸ್ಕೇಪಿನಲ್ಲಿ ಹಿಂದೆ ಒಂದು ಜಾಲರಿ ಹಾಕಿಕೊಳ್ಳಬಹುದು. ಸ್ನ್ಯಾಪ್ ಆನ್ ಮಾಡಿದರೆ ಚುಕ್ಕಿ ಜಾಲರಿಯ ಮೂಲೆಗೆ ತಾನಾಗೇ ಅಂಟಿಕೊಳ್ಳುತ್ತದೆ. ಕೈ ಸ್ವಲ್ಪ ಆಚೀಚೆ ಆದರೂ ಚುಕ್ಕಿ ಆಚೀಚೆ ಆಗುವುದಿಲ್ಲ. ಒಂದು ಎಳೆಯಷ್ಟು ಸರಿಸಬೇಕಾದರೆ ಬಾಣದ ಕೀ ಇದೆ.

ಅಲ್ಲೇ ಲ್ಯಾಪ್‌ಟಾಪ್ ತೆರೆದು ಅವರನ್ನು ಕೂರಿಸಿದೆ. ರಂಗೋಲಿ ಹಾಕ್ತೀರಾ ಅಂತ ಕೇಳಿದೆ. ಹದಿನೈದರಿಂದ ಎಂಟು, ಸಂದು ಚುಕ್ಕಿ, ಕಣ್ಣು ಮುಚ್ಚಿ ಹಾಕ್ತೀನಿ ಅಂದರು. ಸಂದು ಚುಕ್ಕಿ ಅಂದರೆ ಒಂದು ಸಾಲಿನ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಬರುವುದು. ಅದಕ್ಕೆ ಚೌಕದ ಜಾಲರಿ ಹೊಂದುವುದಿಲ್ಲ. ಇಂಕ್‌ಸ್ಕೇಪಿನಲ್ಲಿ 30 ಡಿಗ್ರಿಯ ಓರೆ ಜಾಲರಿ ಇದೆ, ತ್ರಿಕೋನ ತ್ರಿಕೋನ ಆಗಿ ಬರುತ್ತದೆ. ಸಂದು ಚುಕ್ಕಿ ಅದರ ಮೇಲೆ ಸರಿಯಾಗಿ ಕೂರುತ್ತದೆ. ಒಂದು ಚುಕ್ಕಿ ಬರೆಸಿ, ನಕಲು ಮಾಡಿ, ಒಂದು ಸಾಲು ಮಾಡಿಸಿದೆ. ಹದಿನೈದರ ಆ ಸಾಲು ನಡುವೆ. ಅದನ್ನು ನಕಲು ಮಾಡಿ ಮೇಲಕ್ಕೂ ಕೆಳಕ್ಕೂ ಇಡುತ್ತಾ, ಸಾಲಿಗೊಂದು ಚುಕ್ಕಿ ಕಡಿಮೆ ಮಾಡುತ್ತಾ ಎಂಟರವರೆಗೆ ಹೋದರು. ಒಟ್ಟು 169 ಚುಕ್ಕಿ. ಲೆಕ್ಕ ಹಾಕಿ ಹೇಳಿದ್ದು ಅವರೇ, ಗಣಿತದ ಟೀಚರ್ ಆಗಿದ್ದರಂತೆ. ಹಾಲ್ ಬಾಗಿಲು ಹಾಕುವವರು ಬಂದು ನಿಂತಿದ್ದರು. ಟೀಚರ್ ತಲೆ ಎತ್ತಲಿಲ್ಲ. ಮೊದಲ ಎಳೆ ಎಳೆಯಲು ಚುಕ್ಕಿಯ ಮೇಲೆ ಒತ್ತಿ, ಬಿಡದೆ, ಬಲಕ್ಕೆ ಎಳೆಯುತ್ತಿದ್ದರು.